ರಾಲಿನ್ಸ್‌ನಲ್ಲಿ ಟಾರ್ಚ್ ಹಿಡಿದು ಬಂದ ಅಜ್ಜನಿಗೆ

ಅಮೆರಿಕದ ವಯೋಮಿಂಗ್‌ನ ರಾಲಿನ್ಸ್‌ನಲ್ಲಿ ನಮ್ಮ ಕೈ ಹಿಡಿದ ಹಿರಿಯರೇ, ಗಡಿಬಿಡಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ.

ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಲಾರಾಮಿ ಊರು ದಾಟಿದ ಮೇಲೆ ಗಾಳಿ ಅಂದ್ರೆ ಗಾಳಿ. ಹಿಂದೆ ಕಟ್ಟಿದ್ದ ಟ್ರೇಲರ್ ಓಲಾಡುತ್ತಿತ್ತು. ಫೋನಿನಲ್ಲಿ "ಪಾರ್ಕಿಂಗ್ ಇದೆ" ಎಂದಿದ್ದ ಮೋಟೆಲಿಗೆ ಬಂದರೆ, ಇದ್ದದ್ದು ಕಾರುಗಳಿಗಾಗುವಷ್ಟೇ ಜಾಗ. ನಮ್ಮದು ಗಾಡಿ, ಟ್ರೇಲರ್ ಸೇರಿ 45 ಅಡಿ. ತಿರುಗಿಸಲಾಗದೆ ಸಿಕ್ಕಿಕೊಂಡೆವು. ಹಿಂದಿನ ಸೀಟಿನಲ್ಲಿ ಮಗಳು ಅಳುತ್ತಿದ್ದಳು.

ಆಗ ನೀವು ಬಂದಿರಿ. "ಸ್ಟೀರಿಂಗನ್ನು ಕೆಳಗಡೆ ಹಿಡಿಯಪ್ಪ. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ, ಕೈಯೂ ಅದೇ ಕಡೆ ಹೋಗಲಿ" ಎಂದಿರಿ. ಇಂಚಿಂಚಾಗಿ ಹಿಂದೆ ಬಂದೆ. ಗಾಳಿಗೆ ನಿಮ್ಮ ಟೋಪಿ ಹಾರಿಹೋಯಿತು. ನೀವು ಟಾರ್ಚ್ ಇಳಿಸಲಿಲ್ಲ. ಆಮೇಲೆ ನಿಮ್ಮ ಪಿಕಪ್‌ನಲ್ಲಿ ಮುಂದೆ ಹೋಗುತ್ತಾ, ಲಾರಿಗಳೂ ನಿಲ್ಲುವಂಥ ಇನ್ನೊಂದು ಮೋಟೆಲಿಗೆ ನಮ್ಮನ್ನು ತಲುಪಿಸಿದಿರಿ.

ಈಗ ರೂಮು ಬುಕ್ ಮಾಡುವ ಮೊದಲು ನೀವು ಹೇಳಿಕೊಟ್ಟಂತೆಯೇ ಕೇಳುತ್ತೇನೆ. ಒಟ್ಟು ಉದ್ದ ಇಷ್ಟು, ರಿವರ್ಸ್ ತೆಗೆಯದೆ ಇನ್ನೊಂದು ಕಡೆಯಿಂದ ಹೊರಗೆ ಹೋಗಬಹುದಾ? ಟ್ರೇಲರ್ ಕಳಚದೆ ರಾತ್ರಿಯಿಡೀ ನಿಲ್ಲಿಸಬಹುದಾ? ಸುಮ್ನೆ "ಪಾರ್ಕಿಂಗ್ ಇದೆಯಾ" ಅಂತ ಕೇಳಿದರೆ ಸಾಲದು.

ಆ ರಾತ್ರಿ ಮಗಳು ನೆಮ್ಮದಿಯಾಗಿ ನಿದ್ದೆ ಮಾಡಿದಳು. ತುಂಬಾ ಥ್ಯಾಂಕ್ಸ್, ಅಜ್ಜಾ.