ನಮ್ಮ ಅಂಬಾಸಿಡರ್ ಮತ್ತೆ ಚಾರ್ಮಾಡಿ ಇಳಿಯಿತು

ಹೋದ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೋಗಿಬಂದೆ, ನಮ್ಮ ಮಾರ್ಕ್ ಫೋರ್ ಅಂಬಾಸಿಡರಿನಲ್ಲಿ. ಕೊಟ್ಟಿಗೆಹಾರ ದಾಟಿ ಘಾಟಿಯ ತಿರುವುಗಳಲ್ಲಿ ಸ್ಟೇರಿಂಗ್ ಒಂದು ಕಡೆಗೆ ಎಳೆಯಲಿಲ್ಲ. ಗುಂಡಿಗೆ ಇಳಿದಾಗ ಮುಂದುಗಡೆ ಕಟಕಟ ಸದ್ದಿಲ್ಲ. ಮುಂದಿನ ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಮನೆಯ ಶೆಡ್ಡಿನಲ್ಲೇ ಕಟ್ಟಿದ್ದು ಅಂತ ಗೊತ್ತಾದವರೆಲ್ಲ ನನಗೆ ಶಹಬ್ಬಾಸ್ ಹೇಳುತ್ತಿದ್ದಾರೆ. ಅದು ಯಾರ್‍ಯಾರಿಗೆ ಸೇರಬೇಕೋ ಇಲ್ಲಿ ಬರೆದುಬಿಡುತ್ತೇನೆ.

ಮೊದಲು ನಮ್ಮ ಹಳೇ ಮೇಸ್ತ್ರಿಗೆ. ಗ್ಯಾರೇಜ್ ಬಿಟ್ಟು ವರ್ಷಗಳಾಗಿವೆ, ಮಂಡಿ ನೋವು, ಕಾರಿನಡಿ ಮಲಗೋಕೆ ಆಗಲ್ಲ. ಬೇರೆ ಕಡೆ ತೋರಿಸಿದಾಗ 'ಗುಜರಿಗೆ ಹಾಕಿ ಸಾರ್' ಅಂದಿದ್ದರು. ಇವರು ಬಂದವರೇ ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಲೊಡಲೊಡ ಆಡಿತು. 'ಬ್ರೇಕ್ ಒತ್ತಪ್ಪಾ' ಅಂದರು. ಒತ್ತಿ ಹಿಡಿದೆ, ಆಗಲೂ ಆಡುತ್ತಿತ್ತು. 'ಬೇರಿಂಗ್ ಆಗಿದ್ರೆ ಈಗ ನಿಲ್ಲಬೇಕಿತ್ತು. ಒಳಗೆ ಪಿನ್ನೇ ಸವೆದಿದೆ, ಬಿಚ್ಚು.' ಚಕ್ರ ಎಡಬಲ ತಿರುಗುವ ಕೀಲಿನ ಪಿನ್ನು ಅದು. ಅಷ್ಟೇ ತಪಾಸಣೆ.

ಆಮೇಲೆ ಕುರ್ಚಿ ಹಾಕಿಕೊಂಡು ಕೂತೇ ಎಲ್ಲ ಮಾಡಿಸಿದರು. ಈ ಗಾಡಿಯ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್. ಅಂದರೆ ಚಕ್ರವನ್ನು ಗಾಡಿಗೆ ಜೋಡಿಸುವ ಮುಂದಿನ ಆರ್ಮಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಉಕ್ಕಿನ ಸಲಾಕೆ. ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಗಾಡಿಯ ಭಾರ ಹೊರುತ್ತದೆ. ಅವಸರದಲ್ಲಿ ಬಿಚ್ಚಿದರೆ ಆರ್ಮ್ ಸಿಡಿಯುತ್ತದೆ. ಕೆಳಗಿನ ಆರ್ಮಿಗೆ ಜ್ಯಾಕ್ ಕೊಟ್ಟು, ಒಂದೊಂದೇ ಎಳೆ ಇಳಿಸಿ ಬಿಗಿ ಸಡಿಲಿಸಬೇಕು. ಆ ಹೊತ್ತಿನಲ್ಲಿ ಮಾತ್ರ ಮೇಸ್ತ್ರಿ ಕುರ್ಚಿಯಿಂದ ಎದ್ದು ನಿಂತಿದ್ದರು! ಬಾರಿನ ಹಲ್ಲು ಎಲ್ಲಿ ಕೂತಿತ್ತೋ ಅಲ್ಲಿಗೆ ಬಿಳಿ ಪೇಂಟಿನ ಗುರುತು ಹಾಕಿಸಿದರು, ಇಲ್ಲದಿದ್ದರೆ ಗಾಡಿಯ ಎತ್ತರ ತಪ್ಪುತ್ತದೆ. 'ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಇಷ್ಟು ವರ್ಷ ಒಂದೇ ಕಡೆ ತಿರುಚಿಕೊಂಡ ಕಬ್ಬಿಣ, ಅದಲು ಬದಲು ಮಾಡಿದ್ರೆ ಮುರಿಯತ್ತೆ.'

ಬೇಲೂರು ರಸ್ತೆಯ ಲೇತ್ ಅಣ್ಣನಿಗೆ ಕೈಮುಗಿಯಬೇಕು. ಕೀಲಿನೊಳಗೆ ಕೂರುವ ಕೊಳವೆಯಂಥ ಹಳೇ ಬುಷ್ ತುಕ್ಕು ಹಿಡಿದು ಆರ್ಮಿಗೇ ಅಂಟಿಬಿಟ್ಟಿತ್ತು. ಸುತ್ತಿಗೆಯಲ್ಲಿ ಹೊಡೆದರೆ ಆರ್ಮ್ ಸೊಟ್ಟಗಾಗುತ್ತದೆ. ಅಣ್ಣ ಅಳತೆಗೆ ಸರಿಯಾಗಿ ಒಂದು ತುಂಡು ಕಡೆದು, ಅದನ್ನಿಟ್ಟು ಪ್ರೆಸ್ಸಿನಲ್ಲಿ ಒತ್ತಿ ತೆಗೆದರು. ಕಾಸು ಕೊಡೋಕೆ ಹೋದರೆ, 'ನಮ್ಮಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸೇ ನಮ್ಮನ್ನ ಸಾಕಿದ್ದು, ಇಟ್ಕೊಳ್ಳಿ' ಅಂದರು.

2014ರಲ್ಲಿ ಅಂಬಾಸಿಡರ್ ತಯಾರಾಗುತ್ತಿದ್ದ ಬಂಗಾಳದ ಉತ್ತರಪಾರಾದ ಕಾರ್ಖಾನೆ ನಿಂತಮೇಲೆ ಸಾಮಾನು ಸಿಗಲ್ಲ ಅಂತ ಹೆದರಿದ್ದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ವಾಟ್ಸಾಪ್ ಫೋಟೋ ನೋಡಿ, ದುಡ್ಡು ಕೈಸೇರುವ ಮೊದಲೇ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರು. ಮುಖ ನೋಡಿಲ್ಲ ಇವತ್ತಿಗೂ. ತೋಟದ ಮನೆ ಮಾವ ತಮ್ಮ ಹಳೇ ಟ್ರ್ಯಾಕ್ಟರಿನ ಇಂಚಿನ ಸ್ಪ್ಯಾನರ್ ಸೆಟ್ ಕೊಡದಿದ್ದರೆ ಒಂದು ನಟ್ಟೂ ಬಿಚ್ಚುತ್ತಿರಲಿಲ್ಲ. ನನ್ನ ಹತ್ತಿರ ಇದ್ದದ್ದೆಲ್ಲ ಎಂಎಂ ಅಳತೆಯವು.

ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ಹಾಕಿ, ಗಾಡಿ ನೆಲಕ್ಕೆ ಇಳಿದ ಮೇಲೇ ಪೂರ್ತಿ ಬಿಗಿ ಮಾಡಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ಬೇಗ ಹರಿಯುತ್ತದೆ. ಆಷಾಢದ ಮಳೆಯಲ್ಲಿ, ಕರೆಂಟ್ ಬೇರೆ ಇಲ್ಲ, ಟಾರ್ಚ್ ಹಿಡಿದು ನಿಂತವಳು ನನ್ನ ಹೆಂಡತಿ. ಬಟ್ಟೆ ಒಣಗಿಸುವ ಶೆಡ್ಡನ್ನು ನಾನು ಆಕ್ರಮಿಸಿದ್ದಕ್ಕೆ ಅವಳು ಹೇಳಿದ್ದನ್ನು ಇಲ್ಲಿ ಬರೆಯಲ್ಲ. ಚಕ್ರಗಳ ನೇರ ನೋಡಲು ಅಕ್ಕನ ಮಗ ನೂಲು ಹಿಡಿದ. ಆಮೇಲೆ ಅಲೈನ್‌ಮೆಂಟ್ ಅಂಗಡಿಯಲ್ಲಿ ನೋಡಿದರೆ ತಿದ್ದಲು ಜಾಸ್ತಿ ಏನೂ ಉಳಿದಿರಲಿಲ್ಲ. ಪೋರನ ಮುಖ ನೋಡಬೇಕಿತ್ತು.

ಮೇಸ್ತ್ರಿಯ ಕೊನೆಯ ಅಪ್ಪಣೆ ಗ್ರೀಸಿನದು. ಪಿನ್ನು ಥ್ರೆಡ್ ಮೇಲೆ ತಿರುಗುವುದರಿಂದ ಗ್ರೀಸ್ ಒಣಗಿದರೆ ಮತ್ತೆ ಸವೆಯುತ್ತದೆ. ಕಪ್ಪು ಗ್ರೀಸ್ ಹೋಗಿ ಹೊಸದು ಹೊರಗೆ ಇಣುಕುವ ತನಕ ಗನ್ ಒತ್ತಬೇಕಂತೆ. ಒತ್ತುತ್ತೇನೆ ಮೇಸ್ತ್ರಿ.

ಒಂದು ಜೊತೆ ಹೊಸ ಬುಷ್ ಉಳಿದಿದೆ. ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಅಂಬಾಸಿಡರ್ ಬಿಚ್ಚಿಕೊಂಡು ಕೂತಿದ್ದರೆ ಹೇಳಿ, ಸುಮ್ನೆ ತಗೊಂಡು ಹೋಗಿ. ಸ್ಪ್ಯಾನರ್ ಬೇಕಿದ್ದರೆ ಮಾತ್ರ ಮಾವನನ್ನೇ ಕೇಳಬೇಕು.