ನಿನ್ನ ಪತ್ರದ ಆ ಒಂದು ಸಾಲು

ಚಿ. ಶಾಲಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿ ನಿನಗೆ ಗೊತ್ತೇ ಇದೆ. ನಿನ್ನ ಪತ್ರದ ಕೊನೆಯ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಬಾಂಬ್ ಬಿದ್ದ ನಗರಗಳು ಚೇತರಿಸಿಕೊಳ್ಳುತ್ತವೆ ಎಂದು ನೀನು ಬರೆಯುತ್ತಿರುವ ಪ್ರಬಂಧದ ಲೆಕ್ಕ ಹೇಳುತ್ತಿದೆ. ನಾಳೆ ಯಾರಾದರೂ ಅದನ್ನೇ ಹಿಡಿದು, ಯುದ್ಧದಿಂದ ಅಂಥ ನಷ್ಟವೇನೂ ಇಲ್ಲ ಎಂದುಬಿಟ್ಟರೆ ಎಂದು ಕೇಳಿದ್ದೀಯೆ.

ಎನ್ನುತ್ತಾರೆ, ಮಗೂ. ಆ ಭಯ ಸುಳ್ಳಲ್ಲ. ಹಿರೋಷಿಮಾದ ಜನಸಂಖ್ಯೆ 1950ರ ದಶಕದಲ್ಲೇ ಯುದ್ಧದ ಮುಂಚಿನ ಮಟ್ಟಕ್ಕೆ ಬಂತು. ಆ ಸಂಖ್ಯೆಗಳಿಗೆ ನಕ್ಷೆಯಲ್ಲಿ ಗೆರೆ ಎಳೆದರೆ ಒಂದು ಇಳಿಜಾರು, ಮತ್ತೆ ಏರು. 1945ರ ಕೊನೆಯೊಳಗೆ ಸತ್ತವರು ಸುಮಾರು 1,40,000 ಮಂದಿ ಎಂಬ ಅಂದಾಜಿದೆ. ಅವರ ಜಾಗ ತುಂಬಿದವರು ಬೇರೆಯವರು.

ನಾನು ನೌಕರಿಯಲ್ಲಿದ್ದಾಗ ಒಂದು ಪ್ರವಾಹದ ನಂತರ ಹಾನಿಯ ಪಟ್ಟಿ ಬರೆದಿದ್ದೆ. 'ಕಾಣೆಯಾದವರು' ಎಂಬ ಕಾಲಮ್ಮಿನಲ್ಲಿ ಹದಿನೇಳು ಹೆಸರುಗಳು. ಅದನ್ನು 'ವಲಸೆ ಹೋದವರು' ಎಂಬುದಕ್ಕೆ ಸೇರಿಸಿಬಿಡಿ ಎಂದರು ಮೇಲಧಿಕಾರಿ. ಬ್ಲೇಡಿನಿಂದ ಶಾಯಿ ಕೆರೆದು, ಎದ್ದ ಕಾಗದದ ಎಳೆಗಳನ್ನು ಉಗುರಿನಿಂದ ನಯ ಮಾಡಿ, ಸೇರಿಸಿದೆ. ಆರು ತಿಂಗಳಾದ ಮೇಲೆ ಒಬ್ಬ ಹೆಂಗಸು ಗಂಡನ ಹೆಸರಿನ ಪರಿಹಾರ ಕೇಳಿಕೊಂಡು ಬಂದಳು. ರಿಜಿಸ್ಟರಿನಲ್ಲಿ ಅವನು ವಲಸೆ ಹೋಗಿದ್ದ. ಅದನ್ನು ಅವಳಿಗೆ ಓದಿ ಹೇಳಿದವನೂ ನಾನೇ.

ಸರ್ಕಾರದ ಸಾಮರ್ಥ್ಯ ಎಂದು ನೀನು ಬರೆದಾಗಲೆಲ್ಲ ನನಗೆ ಆ ರಿಜಿಸ್ಟರು ಕಣ್ಣಿಗೆ ಬರುತ್ತದೆ.

ನಿನ್ನ ಶಾಸ್ತ್ರದಲ್ಲಿ ತಲೆಹಾಕಲು ನನಗೆ ಅಧಿಕಾರವಿಲ್ಲ. ಆದರೂ ಏರಿದ ಗೆರೆಯ ಪಕ್ಕದಲ್ಲೇ ಸತ್ತವರ ಸಂಖ್ಯೆಯನ್ನೂ ಇಡಲು ಆಗುತ್ತದೆಯೇ ನೋಡು. ಅಡಿಟಿಪ್ಪಣಿಗೆ ತಳ್ಳಬೇಡ, ಅದನ್ನು ಯಾರೂ ಓದುವುದಿಲ್ಲ. ಇನ್ನೊಂದು: ಬಾಂಬ್ ಬಿದ್ದ ಮೂರೇ ದಿನಕ್ಕೆ ಹಿರೋಷಿಮಾದ ಒಂದಷ್ಟು ದೂರ ಟ್ರಾಮ್ ಓಡಿತು, ಏಕೆಂದರೆ ಓಡಿಸಬಲ್ಲ ಜನ, ದುರಸ್ತಿ ಬಲ್ಲ ಜನ ಸ್ವಲ್ಪವಾದರೂ ಉಳಿದಿದ್ದರು. ಆಫ್ರಿಕಾದ ಲೈಬೀರಿಯಾದಲ್ಲಿ ಅಂತರ್ಯುದ್ಧದ ಕಾದಾಟ ನಿಂತದ್ದು 2003ರಲ್ಲಿ. ಆದರೆ ಕೆಲಸ ಬಲ್ಲವರು ಅಲ್ಲಿ ಹೆಚ್ಚು ಉಳಿದಿರಲಿಲ್ಲ; 2014ರಲ್ಲಿ ಎಬೋಲಾ ರೋಗ ಹರಡಿದಾಗಲೂ ಸಾಕಷ್ಟು ವೈದ್ಯರಿರಲಿಲ್ಲ. ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ, ನಿನ್ನ ಒಂದು ವಾಕ್ಯವನ್ನು ಕಿತ್ತುಕೊಂಡು ಓಡುವವನಿಗೆ ಅದು ಅಷ್ಟು ಸುಲಭವಾಗದೇನೋ. ಪೂರ್ತಿ ತಡೆಯುತ್ತದೆ ಎಂದು ಹೇಳಲಾರೆ.

ಲೆಕ್ಕವನ್ನೇ ಬಚ್ಚಿಡುವ ಯೋಚನೆ ಮಾತ್ರ ಮಾಡಬೇಡ. ಕೆರೆದು ಬರೆದವನು ಹೇಳುತ್ತಿದ್ದೇನೆ.

ಆ ಹದಿನೇಳು ಹೆಸರುಗಳಲ್ಲಿ ಈಗ ನೆನಪಿರುವುದು ನಾಲ್ಕು. ಕರಡು ಮುಗಿದಾಗ ಮೊದಲ ಪುಟವನ್ನಾದರೂ ಕಳುಹಿಸು.

ನಿನ್ನ ದೊಡ್ಡಪ್ಪ