ಮಕ್ಕಳ ಕಣ್ಣಿಗೆ ಬಯಲಿನ ಬೆಳಕು ಬೇಕು

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಹೆಚ್ಚುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಅದು ವಂಶದಲ್ಲೇ ಇದೆ, ಕನ್ನಡಕ ಹಾಕಿಸಿದರಾಯಿತು’ ಎಂದು ಎಷ್ಟೋ ಪೋಷಕರು ಸುಮ್ಮನಾಗುತ್ತಾರೆ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ, ನಿಜ. ಆದರೆ ಮನುಷ್ಯನ ವಂಶವಾಹಿ ಒಂದೇ ತಲೆಮಾರಿನಲ್ಲಿ ಇಷ್ಟೊಂದು ಬದಲಾಗುವುದಿಲ್ಲ, ಅಲ್ವಾ? ಬದಲಾಗಿರುವುದು ನಾವು ಮಕ್ಕಳನ್ನು ಬೆಳೆಸುವ ರೀತಿ.

ಮಗಳ ಮೂರನೇ ತರಗತಿಯ ಗ್ರೂಪ್ ಫೋಟೊದಲ್ಲಿ ಮುಂದಿನ ಸಾಲಿನ ಹತ್ತು ಮಕ್ಕಳ ಪೈಕಿ ನಾಲ್ವರಿಗೆ ಕನ್ನಡಕ. ನನ್ನ ಮೂರನೇ ತರಗತಿಯ ಫೋಟೊದಲ್ಲಿ ಒಬ್ಬರಿಗೂ ಇಲ್ಲ. ಆಗ ಕಣ್ಣು ಪರೀಕ್ಷೆ ಮಾಡಿಸುವವರೂ ಕಡಿಮೆಯಿದ್ದರು, ಒಪ್ಪುತ್ತೇನೆ. ಆದರೂ ನಾವು ಕತ್ತಲಾಗುವವರೆಗೆ ಲಗೋರಿ ಆಡುತ್ತಿದ್ದೆವು, ಇವರು ಮೊಬೈಲ್ ಹಿಡಿದು ಸೋಫಾ ಬಿಟ್ಟು ಏಳುವುದಿಲ್ಲ.

ಹೊರಗಿನ ಬೆಳಕಿಗೆ ಕಣ್ಣಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಿ, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದು (ಈ ದೋಷಕ್ಕೆ ಮುಖ್ಯ ಕಾರಣ ಅದೇ) ತಗ್ಗುತ್ತದೆ ಎನ್ನುತ್ತಾರೆ ತಜ್ಞರು. ಕನ್ನಡಕ ದೂರದ್ದನ್ನು ಕಾಣಿಸುತ್ತದೆ, ಉದ್ದವಾದ ಕಣ್ಣುಗುಡ್ಡೆಯನ್ನು ಮೊದಲಿನಂತೆ ಮಾಡುವುದಿಲ್ಲ. ನಂಬರ್ ತೀರಾ ಜಾಸ್ತಿಯಾದರೆ ಮುಂದೆ ಕಣ್ಣಿನ ಹಿಂಭಾಗದ ಅಕ್ಷಿಪಟಲ (ರೆಟಿನಾ) ಕಳಚುವ ಅಪಾಯವೂ ಇದೆ. ತೈವಾನ್ 2010ರಲ್ಲಿ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮ ತಂದಿತು. ಅದರ ನಂತರ, ದಶಕಗಳಿಂದ ಏರುತ್ತಿದ್ದ ಈ ದೋಷ ಅಲ್ಲಿ ಇಳಿಯತೊಡಗಿತು.

ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದೇ ಆಟದ ಪಿರಿಯಡ್. ಅದನ್ನು ಬೇರೆ ಪಾಠಕ್ಕೆ ಬಳಸಬಾರದೆಂದು ಶಿಕ್ಷಣ ಇಲಾಖೆ ಕಟ್ಟುನಿಟ್ಟಾಗಿ ಹೇಳಲಿ. ಮೈದಾನವಿಲ್ಲದ ಶಾಲೆಗಳು ಹತ್ತಿರದ ಪಾರ್ಕಿಗಾದರೂ ದಿನಾ ಮಕ್ಕಳನ್ನು ಕರೆದೊಯ್ಯಲಿ.

– ಒಬ್ಬ ತಾಯಿ, ಮೈಸೂರು